ಆಷಾಢದ ಟ್ರಯಲ್

ನುಗ್ಗೇಹಳ್ಳಿ
೧ ಜುಲೈ ೨೦೦೩

ಶ್ರೀ ಕೇದಾರ್ ಅವರಿಗೆ,

ಮದುವೆಯಾಗಿ ಎರಡು ತಿಂಗಳಾಗುತ್ತಾ ಬಂತು, ನಿಮಗೆ ಕಾಗದ ಹೇಗೆ ಶುರು ಮಾಡಬೇಕೆಂದು ಇನ್ನೂ ಗೊತ್ತಿಲ್ಲ. ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ‘ಶ್ರೀ’ ಎಂದರೆ ಕರೆಂಟ್ ಆಫೀಸಿಗೆ ಅರ್ಜಿ ಹಾಕಿದ ಹಾಗಿದೆ. ಇರಲಿ, ಅರ್ಜಿ ಹಾಕುವುದು ನನಗೆ ರೂಢಿ. ಫೋನ್ ಮಾಡೋಣವೆಂದರೆ ನಿಮ್ಮ ಮನೆಯ ಫೋನು ಅತ್ತೆಯವರ ಮಂಚದ ಪಕ್ಕ, ನಮ್ಮ ಮನೆಯದು ಅಪ್ಪನ ಈಜಿಚೇರಿನ ಪಕ್ಕ. ‘ಊಟ ಆಯ್ತಾ’ ಎನ್ನುವುದಕ್ಕಿಂತ ಮುಂದೆ ಮಾತು ಹೋಗುವುದಿಲ್ಲ. ಅದಕ್ಕೇ ಹೊಳೆನರಸೀಪುರದ ಬಸ್ಸಿನ ಕಂಡಕ್ಟರ್ ಬೋರಪ್ಪನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ನನ್ನನ್ನು ಬಸ್ಸು ಹತ್ತಿಸಿದಾಗ ನಾನು ಸಪ್ಪೆ ಮುಖ ಮಾಡಿಕೊಂಡಿದ್ದೆನಲ್ಲ, ಅದು ಬರೀ ನಾಟಕ. ಒಳಗೊಳಗೇ ಕುಣಿಯುತ್ತಿದ್ದೆ. ಲೋಕದಲ್ಲಿ ಯಾವ ಹುಡುಗಿಗೆ ತವರೂ ಕೆಲಸವೂ ಒಂದೇ ಊರಿನಲ್ಲಿ ಸಿಗುತ್ತದೆ ಹೇಳಿ!

ಮದುವೆಯ ಗಲಾಟೆಯಲ್ಲಿ ನಿಮಗೆ ಇದನ್ನೆಲ್ಲ ಸರಿಯಾಗಿ ಹೇಳಲೇ ಇಲ್ಲ. ಕೊಣನೂರಿನ ಹತ್ತಿರ ಒಂದು, ಶೆಟ್ಟಿಹಳ್ಳಿ ಹಿನ್ನೀರಿನ ದಿಬ್ಬದಲ್ಲಿ ಒಂದು, ಇಲ್ಲಿ ನಮ್ಮೂರಾಚೆಯ ಕೋಡಿಗುಡ್ಡದ ಮೇಲೆ ಒಂದು, ಹೀಗೆ ಮೂರು ಕಡೆ ಕಂಬ ನೆಟ್ಟು ಗಾಳಿ ಅಳೆದವಳು ನಾನು. ಕೋಡಿಗುಡ್ಡವೇ ವಾಸಿ ಎಂದು ಚೆನ್ನೈ ಕಚೇರಿಯಲ್ಲಿ ಮೇಜು ಗುದ್ದಿ ಹೇಳಿದವಳೂ ನಾನೇ. ಅವರು ಒಂದೇ ಒಂದು ಗಾಳಿಯಂತ್ರ ಕೊಟ್ಟರು. ಈ ತಿಂಗಳ ಗಾಳಿಗೆ ಅದು ನಾನು ಹೇಳಿದಷ್ಟು ಕರೆಂಟು ಕೊಟ್ಟರೆ ಇನ್ನೂ ಏಳು ಯಂತ್ರ ಇಲ್ಲಿಗೆ, ಆಮೇಲೆ ಕೊಣನೂರಿನ ಕಡೆಗೆ. ಕೊಡದಿದ್ದರೆ ಇದನ್ನೂ ಬಿಚ್ಚಿ ಬೇರೆ ಜಿಲ್ಲೆಗೆ ಒಯ್ಯುತ್ತಾರೆ, ನನ್ನನ್ನು ಚೆನ್ನೈನ ಕುರ್ಚಿಗೆ ಎಳೆದುಕೊಳ್ಳುತ್ತಾರೆ. ಹಾಗಾದರೆ ‘ನೀವು ಅಲ್ಲಿ, ನಾನು ಇಲ್ಲಿ’ ಎಂಬಷ್ಟೇ ಅಲ್ಲ, ಇನ್ನೂ ದೂರ.

ಕ್ರೇನು ಬಂದದ್ದು ನಮ್ಮ ಮದುವೆಯ ವಾರ. ಕರೆಂಟು ಸಾಗಿಸುವ ಲೈನು ಸಿಕ್ಕಿದ್ದು ಕಳೆದ ಶನಿವಾರ. ಹೊತ್ತಿಗೆ ಸರಿಯಾಗಿ ಆಷಾಢ! ಗುಡ್ಡದ ಮೇಲಿನ ಹೊಲ ದೊಡ್ಡಮ್ಮ ಎಂಬ ಹಿರಿಯ ಹೆಂಗಸಿನದು. ಅವಳ ಮಗ ಮನೋಹರನನ್ನೇ ನಾವು ಯಂತ್ರ ನೋಡಿಕೊಳ್ಳಲು ಇಟ್ಟುಕೊಂಡಿದ್ದೇವೆ. ದೊಡ್ಡಮ್ಮ ನಿನ್ನೆ ನಮ್ಮ ಜಗಲಿಗೆ ಬಂದು ಕೂತಳು. “ಆಸಾಡ್ದಾಗೆ ಒಸಾ ಕೆಲ್ಸ ಯಾರವ್ವಾ ಇಡೀತಾರೆ? ನಿಲ್ಲಾಕಿಲ್ಲ ಕಣವ್ವ. ನಮ್ ಐಕ್ಳಿಗೆ ಅನ್ನ ಕೊಡೋ ಪ್ಯಾನು ಅದು, ಕೆಟ್ಟೋಗ್ಬಾರ್ದು” ಅಂದಳು. ಅಪ್ಪ ಪಂಚಾಂಗ ಹಿಡಿದುಕೊಂಡು ಅವಳ ಪಕ್ಷ ಸೇರಿದರು. ಗಾಳಿ ಬರುವುದೇ ಆಷಾಢದಲ್ಲಿ, ಅದು ಮುಗಿದ ಮೇಲೆ ಶುರು ಮಾಡಿದರೆ ಯಾರನ್ನು ತಿರುಗಿಸಲಿ ಎಂದು ನಾನು ಗೋಳಾಡಿದೆ. ಇದು ಶುರುವಲ್ಲ, ಬರೀ ಟ್ರಯಲ್, ಪೂಜೆ ಉದ್ಘಾಟನೆ ಎಲ್ಲ ಶ್ರಾವಣದಲ್ಲಿ ಅಂದೆ. ದೊಡ್ಡಮ್ಮ ಎಲೆಯಡಿಕೆ ಮೆಲ್ಲುತ್ತ ಯೋಚಿಸಿದಳು. “ಅಂಗಂದ್ರೆ ಎಣ್ಣು ನೋಡೋ ಶಾಸ್ತ್ರ ಅನ್ನು. ತಾಳಿ ಕಟ್ಟಂಗಿಲ್ಲ. ನೋಡ್ಕಳಿ ಮತ್ತೆ.”

“ಆಷಾಢದಲ್ಲಿ ಹೆಣ್ಣೂ ನೋಡಲ್ವಲ್ಲ ದೊಡ್ಡಮ್ಮ” ಎಂದು ಅಪ್ಪ ಬಾಯಿ ಹಾಕಿದರು. ಅವಳು ಅವರನ್ನು ಒಂದು ಸಲ ದುರುಗುಟ್ಟಿ ನೋಡಿದಳು. ಅಪ್ಪ ಪಂಚಾಂಗ ಮಡಿಚಿಟ್ಟರು.

ಇನ್ನೇನು ತಿರುಗಿಸುತ್ತೇವೆ. ನನಗೆ ಊಟ ಸೇರುತ್ತಿಲ್ಲ, ಅಷ್ಟು ಖುಷಿ.

ಇಂತಿ,
ಹಂಸ

*

ಹೊಳೆನರಸೀಪುರ
೪ ಜುಲೈ ೨೦೦೩

ಹಂಸ ಅವರಿಗೆ,

ಬೋರಪ್ಪ ಕಾಗದವನ್ನು ನೇರವಾಗಿ ಶಾಲೆಗೇ ತಂದು, ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಮನೆಯೋರು ಕೊಟ್ಟವ್ರೆ” ಎಂದು ಕೂಗಿದ. ಆಮೇಲೆ ನಾನು ಬೀಜಗಣಿತ ಪಾಠ ಮಾಡಿದ್ದು ದೇವರಿಗೇ ಪ್ರೀತಿ. ಹುಡುಗಿಯರು ಕೊನೆಯ ಬೆಂಚಿನವರೆಗೂ ನಗುತ್ತಿದ್ದರು.

ನಾಟಕವೆಂದು ಓದಿ ಒಂದು ಗಳಿಗೆ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ನೀವು ಬಸ್ಸಿನ ಕಿಟಕಿಯಲ್ಲಿ ಸಪ್ಪಗೆ ಕೂತದ್ದನ್ನು ನೆನೆದುಕೊಂಡು ನಾನು ಇಲ್ಲಿ ನಿಜವಾಗಿಯೂ ಸಪ್ಪಗಾಗಿದ್ದೆ. ಆದರೆ ಮುಂದಿನದನ್ನು ಓದುತ್ತ ಓದುತ್ತ ನನಗೂ ಉಮೇದು ಹತ್ತಿತು. ಗಾಳಿಯ ವೇಗ ಎರಡರಷ್ಟಾದರೆ ಕರೆಂಟು ಎಂಟರಷ್ಟಾಗುತ್ತದಂತೆ, ಹೌದೇ? ಲೈಬ್ರರಿಯಲ್ಲಿ ಓದಿದೆ. ಮಕ್ಕಳಿಗೆ ಘನಗಳ ಲೆಕ್ಕವನ್ನು ನಿಮ್ಮ ಗುಡ್ಡ ಇಟ್ಟುಕೊಂಡೇ ಕಲಿಸಿದೆ. ಈಗ ಇಡೀ ಕ್ಲಾಸಿಗೆ ಕೋಡಿಗುಡ್ಡ ಗೊತ್ತು.

ಒಂದು ಶಾಸ್ತ್ರದ ಪ್ರಶ್ನೆ. ಆಷಾಢದಲ್ಲಿ ಅಳಿಯ ಅತ್ತೆಯ ಮನೆಯ ಹೊಸ್ತಿಲು ತುಳಿಯಬಾರದು, ಒಪ್ಪಿದೆ. ಗುಡ್ಡಕ್ಕೆ ಹೊಸ್ತಿಲು ಇದೆಯೇ? ತಮ್ಮ ತಂದೆಯವರನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿ ತಿಳಿಸುವುದು.

ಇಂತಿ ನಿಮ್ಮ,
ಕೇದಾರ್

*

ನುಗ್ಗೇಹಳ್ಳಿ
೮ ಜುಲೈ ೨೦೦೩

ಕೇದಾರ್,

ತಿರುಗಿತು! ತಿರುಗಿತು ಕೇದಾರ್!

ನಿನ್ನೆ ಬೆಳಿಗ್ಗೆ ಬ್ರೇಕು ಬಿಟ್ಟೆವು. ಮೊದಲು ಏನೂ ಆಗಲಿಲ್ಲ. ಮೂರು ರೆಕ್ಕೆಗಳೂ ಸೋಮಾರಿಗಳ ಹಾಗೆ ನಿಂತೇ ಇದ್ದವು. ಗುಡ್ಡದ ತುಂಬ ಜನ, ಕುರಿ ಮೇಯಿಸುವವರು, ತೆಂಗಿನ ತೋಟದ ಆಳುಗಳು, ಎರಡು ಊರಿನ ಪಂಚಾಯ್ತಿ ಮೆಂಬರುಗಳು. ಯಾರೋ ಹಿಂದಿನಿಂದ “ಚಾವಿ ಕೊಡ್ಬೇಕೇನೋ” ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ಯಂತ್ರದ ತಲೆ ಮೆಲ್ಲಗೆ ಪಡುವಣಕ್ಕೆ ಹೊರಳಿತು, ಒಂದು ರೆಕ್ಕೆ ಇಳಿಯಿತು, ಇನ್ನೊಂದು ಬಂತು, ಆಮೇಲೆ ಸುಯ್, ಸುಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ನಾನು ಮನೋಹರನ ಬೆನ್ನಿಗೆ ಗುದ್ದಿಬಿಟ್ಟೆ. ಅವನು “ಸಾ... ಅಲ್ಲ, ಮೇಡಂ” ಎಂದು ತೊದಲಿದ. ದೊಡ್ಡಮ್ಮ ಮಾತ್ರ ಕೈಕಟ್ಟಿಕೊಂಡು ನಿಂತಿದ್ದಳು. ಒಬ್ಬ ಹೂವಿನ ಹಾರ ತಂದಿದ್ದ, ಅವನನ್ನು ಗದರಿ ಹಾರವನ್ನು ಅವನ ಕೊರಳಿಗೇ ಹಾಕಿ ಕಳಿಸಿದಳು. “ಇನ್ನೂ ಎಣ್ಣು ನೋಡ್ತಾವ್ರೆ, ಆರ ಯಾಕ್ಲಾ?”

ಮೀಟರು ನೋಡಿದೆ. ನಾನು ಹೇಳಿದ್ದಕ್ಕಿಂತ ಜಾಸ್ತಿಯೇ ಬರುತ್ತಿದೆ. ಹೀಗೆ ಈ ತಿಂಗಳಿಡೀ ಬಂದರೆ ಸಾಕು. ಇಪ್ಪತ್ತಾರಕ್ಕೆ ಚೆನ್ನೈಯಿಂದ ನಮ್ಮ ಮೇಲಧಿಕಾರಿ ರಂಗಸ್ವಾಮಿಯವರು ಬರುತ್ತಾರೆ, ಏಳು ಯಂತ್ರಗಳ ಗಂಟು ಅವರ ಕೈಯಲ್ಲಿದೆ.

ನಿಮ್ಮ ಶಾಸ್ತ್ರದ ಪ್ರಶ್ನೆಗೆ ಉತ್ತರ: ಹೊಸ್ತಿಲೆಂದರೆ ಬಾಗಿಲಿಗೆ ಇರುವುದು, ಬಾಗಿಲಿಲ್ಲದ ಕಡೆ ಹೊಸ್ತಿಲಿಲ್ಲ ಎಂದು ಅಪ್ಪ ತೀರ್ಪು ಕೊಟ್ಟರು. ಆಮೇಲೆ ಕನ್ನಡಕದ ಮೇಲಿಂದ ನೋಡಿ “ಭಾನುವಾರ ಬಿಸಿಲು ಜಾಸ್ತಿ, ಟೋಪಿ ಹಾಕ್ಕೊಂಡು ಬರೋಕೆ ಹೇಳು” ಅಂದರು! ಗುಡ್ಡದ ಸ್ಟಾಪಿನಲ್ಲೇ ಇಳಿಯಿರಿ, ಊರೊಳಗೆ ಬರಬೇಡಿ. ಪುಳಿಯೋಗರೆ ನಾನು ತರುತ್ತೇನೆ.

ಹಂಸ

*

ಹೊಳೆನರಸೀಪುರ
೧೪ ಜುಲೈ ೨೦೦೩

ಹಂಸ,

ನಿನ್ನೆಯ ಗುಂಗು ಇನ್ನೂ ಇಳಿದಿಲ್ಲ. ಇವತ್ತು ಪ್ರಾರ್ಥನೆಗೆ ನಿಂತಾಗಲೂ ಕಿವಿಯಲ್ಲಿ ಅದೇ ಸುಯ್ ಸುಯ್. ನೀವು ತೋರಿಸಿದ್ದು ನೂರರಲ್ಲಿ ಹತ್ತು ಅರ್ಥವಾಯಿತೋ ಇಲ್ಲವೋ, ಆದರೆ ತೋರಿಸುವಾಗಿನ ನಿಮ್ಮ ಮುಖ ಪೂರ್ತಿ ಅರ್ಥವಾಯಿತು. ಮದುವೆ ಮಂಟಪದಲ್ಲಿ ಕೂಡ ನೀವು ಅಷ್ಟು ಚೆಂದ ಕಂಡಿರಲಿಲ್ಲ, ತಪ್ಪು ತಿಳಿಯಬೇಡಿ.

ಒಂದು ವಿಷಯ ಹೇಳಲೇ ಇಲ್ಲ, ನಾಚಿಕೆಯಾಯಿತು. ಯಂತ್ರ ನಿಲ್ಲಿಸಿ ನೀವು ಗೋಪುರದೊಳಗಿನ ಏಣಿ ಹತ್ತಿ ಹೋದಿರಲ್ಲ, ಮೇಲಿನ ಕಿಂಡಿಯಿಂದ ತಲೆ ಹೊರಗೆ ಹಾಕಿ ಕೈ ಬೀಸಿದಿರಲ್ಲ, ನಿಮ್ಮ ಕೆಂಪು ಹೆಲ್ಮೆಟ್ಟು ಕುಂಕುಮದ ಬೊಟ್ಟಿನಷ್ಟಾಗಿ ಕಂಡಿತು. ನನ್ನ ಜೀವ ಬಾಯಿಗೆ ಬಂತು. ಮನೋಹರ ನೀರು ತರಲು ಹೋಗಿದ್ದ. ಅಮ್ಮ ನಮ್ಮೂರ ನರಸಿಂಹಸ್ವಾಮಿ ಗುಡಿಯಲ್ಲಿ ಅರ್ಚನೆ ಮಾಡಿಸಿ ಕೊಟ್ಟ ಕುಂಕುಮ ಜೇಬಿನಲ್ಲಿತ್ತು, ಕೆಳಗಿನ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ಕೊಂಡಿದ್ದೆ. ಗೋಪುರದ ಹಿಂಬದಿಗೆ ಹೋಗಿ ಬುಡದ ಸಿಮೆಂಟು ಕಟ್ಟೆಗೆ ಕುಂಕುಮ ಇಟ್ಟು, ಕಾಯಿ ಒಡೆದು, ನೀವು ಸುಖವಾಗಿ ಇಳಿದು ಬರಲಿ ಎಂದು ಬೇಡಿಕೊಂಡೆ. ಅಷ್ಟೆ. ಇಳಿದು ಬಂದಿರಿ. ನಕ್ಕುಬಿಡಿ ಬೇಕಾದರೆ.

ಬರುವ ಭಾನುವಾರಕ್ಕೆ ಈಗಲೇ ದಿನ ಎಣಿಸುತ್ತಿದ್ದೇನೆ.

ನಿಮ್ಮ,
ಕೇದಾರ್

*

ನುಗ್ಗೇಹಳ್ಳಿ
೧೫ ಜುಲೈ ೨೦೦೩

ಕೇದಾರ್,

ನೀನು ಏನು ಮಾಡಿದ್ದೀಯ ಗೊತ್ತಾ? ಯಂತ್ರ ನಿಂತುಹೋಗಿದೆ!

ನಿನ್ನೆ ದೊಡ್ಡಮ್ಮ ಗುಡ್ಡಕ್ಕೆ ಹೋದವಳು ಕಟ್ಟೆಯ ಮೇಲೆ ಕಾಯಿಯ ಚಿಪ್ಪಿನ ಚೂರು ನೋಡಿದಳು, ಕುಂಕುಮ ನೋಡಿದಳು. “ಕಾಯಿ ಒಡ್ದವ್ರೆ! ಆಸಾಡ್ದಾಗೆ ತಾಳಿ ಕಟ್ಬುಟ್ಟವ್ರೆ!” ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಮಗನಿಗೆ ಹೇಳಿ ಯಂತ್ರ ಆಫ್ ಮಾಡಿಸಿದಳು. ದಾರಿಗೆ ಅಡ್ಡ ಜಾಲಿಮುಳ್ಳು ಎಳೆಸಿದ್ದಾಳೆ. ಯಾರು ಒಡೆದರೋ ನನಗೆ ಗೊತ್ತಿಲ್ಲ ಎಂದು ಆಣೆ ಮಾಡಲು ಹೊರಟಿದ್ದೆ, ಪುಣ್ಯಕ್ಕೆ ಅಷ್ಟರಲ್ಲಿ ನಿನ್ನ ಕಾಗದ ಬಂತು.

ನಾನು ಬರೆದಿರಲಿಲ್ಲವೇ, ಪೂಜೆ ಇಲ್ಲ, ಉದ್ಘಾಟನೆ ಇಲ್ಲ ಎಂದು? ಕಾಯಿ ಒಡೆಯದೆ ಇದ್ದುದರಿಂದಲೇ ಅದು ಟ್ರಯಲ್ ಆಗಿತ್ತು! ಈಗ ಬೀಸುತ್ತಿರುವಂಥ ಗಾಳಿ ನಾನು ಅಳೆದ ಎರಡು ವರ್ಷದಲ್ಲೂ ಬೀಸಿರಲಿಲ್ಲ. ನಮ್ಮ ಹಿತ್ತಿಲಿನ ತೆಂಗಿನ ಗರಿ ಹರಿದು ಬೀಳುತ್ತಿವೆ. ಯಂತ್ರ ಸುಮ್ಮನೆ ನಿಂತಿದೆ. ಇಲ್ಲಿ ಕೂತು ನೋಡುತ್ತಿದ್ದರೆ ಹೊಟ್ಟೆ ಉರಿಯುತ್ತದೆ. ರಂಗಸ್ವಾಮಿಯವರಿಗೆ ನಾನು ಏನನ್ನು ತೋರಿಸಲಿ, ನಿನ್ನ ತೆಂಗಿನ ಚಿಪ್ಪನ್ನೇ?

ಭಾನುವಾರ ಬರಬೇಡ.

ಹಂಸ

*

ಹೊಳೆನರಸೀಪುರ
೧೬ ಜುಲೈ ೨೦೦೩

ಹಂಸ,

ಕಾಯಿ ಯಂತ್ರಕ್ಕಲ್ಲ, ನಿನಗೆ. ನಾನು ಬಂದು ದೊಡ್ಡಮ್ಮನಿಗೆ ಹೇಳಲೇ? ಕಾಲು ಹಿಡಿ ಎಂದರೆ ಹಿಡಿಯುತ್ತೇನೆ. ಚೆನ್ನೈಗೆ ಹೋಗಿ ತಪ್ಪು ನನ್ನದು ಎಂದು ಹೇಳು ಎಂದರೆ ಅದಕ್ಕೂ ಸಿದ್ಧ. ನಿನ್ನ ಕೆಲಸ ನನ್ನಿಂದ ಕೆಟ್ಟಿತೆಂದರೆ ನನಗೆ ತಡೆಯಲಾಗುವುದಿಲ್ಲ.

ಬೈಗುಳವನ್ನೆಲ್ಲ ಒಪ್ಪಿಕೊಂಡೆ. ಆದರೂ, ಮೊದಲನೇ ಸಲ ನನ್ನನ್ನು ‘ನೀನು’ ಎಂದು ಕರೆದಿದ್ದೀಯ. ಅದನ್ನು ಮಾತ್ರ ವಾಪಸು ತೆಗೆದುಕೊಳ್ಳಬೇಡ.

ಕೇದಾರ್

*

ನುಗ್ಗೇಹಳ್ಳಿ
೧೯ ಜುಲೈ ೨೦೦೩

ಕೇದಾರ,

ತಿರುಗುತ್ತಿದೆ. ಮೊದಲು ಅದನ್ನು ಹೇಳಿಬಿಟ್ಟೆ, ಈಗ ಉಸಿರು ಬಿಡು.

ದೊಡ್ಡಮ್ಮನ ಮನೆಗೆ ಮೂರು ದಿನ ಅಲೆದೆ. ಮೊದಲ ದಿನ ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು. ಎರಡನೇ ದಿನ, ಕಾಯಿ ನನ್ನ ಗಂಡ ನನಗೋಸ್ಕರ ಒಡೆದದ್ದು, ಫ್ಯಾನಿಗಲ್ಲ ಅಂದೆ. ಅವಳು ಹುರುಳಿ ಕೇರುತ್ತ, “ಕಾಯ್ಗೇನು ಗೊತ್ತವ್ವಾ ಯಾರ್ಗೇಂತ? ಒಡ್ದಿದ್ದು ಪ್ಯಾನಿನ್ ಪಾದುಕ್ಕೆ” ಅಂದಳು. ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದೆ.

ಇವತ್ತು ಬೆಳಿಗ್ಗೆ ಹೋದಾಗ ನನಗೆ ತಡೆಯಲಾಗದೆ ಅಳು ಬಂತು. ಅಳುತ್ತಲೇ ಜಗಳಕ್ಕೆ ನಿಂತೆ.

“ಸರಿ ದೊಡ್ಡಮ್ಮ, ಮದುವೆ ಆಗೇ ಹೋಯ್ತು ಅಂತ ಇಟ್ಕೊಳ್ಳೋಣ. ಮದುವೆಯಾದ ಹುಡುಗಿ ಆಷಾಢದಲ್ಲಿ ಎಲ್ಲಿರಬೇಕು?”

“ತವರ್ನಾಗೆ.”

“ನಾನೆಲ್ಲಿದೀನಿ?”

“ತವರ್ನಾಗೇ ಇದೀಯ. ಅದ್ಕೇನೀಗ?”

“ನಾನು ಇಲ್ಲಿ ಗುಡ್ಡ ಹತ್ತಲ್ವಾ, ಕೆಲಸ ಮಾಡಲ್ವಾ, ಊರೆಲ್ಲ ಸುತ್ತಲ್ವಾ? ಯಾರಾದ್ರೂ ಬೇಡ ಅಂದ್ರಾ? ಈ ಫ್ಯಾನಿನ ತವರು ಯಾವುದು ಹೇಳಿ. ನಿಂತಿರೋದು ನಿಮ್ಮ ಹೊಲದಲ್ಲಿ. ಪಾಯ ತೋಡಿದ್ದು ನಿಮ್ಮೂರೋರು. ಕಾಯ್ತಿರೋನು ನಿಮ್ಮ ಮಗ. ಅತ್ತೆ ಮನೆ ಅಂದ್ರೆ ಚೆನ್ನೈ ಕಂಪನಿ. ಅದು ಈಗ ಇರೋದೇ ತವರಲ್ಲಿ!”

ದೊಡ್ಡಮ್ಮನ ಕೈಯಲ್ಲಿ ಮೊರ ನಿಂತಿತು. ನನ್ನನ್ನು ನೋಡಿದಳು, ಬಾಗಿಲಾಚೆ ಗುಡ್ಡದ ಕಡೆ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು ನೋಡು, ಹುರುಳಿ ಎಲ್ಲ ನೆಲಕ್ಕೆ ಚೆಲ್ಲಿತು. “ಏನ್ ಬಾಯವ್ವ ನಿಂದು! ಐನೋರ ಮಗ್ಳು ಲಾಯ್ರಾಗ್ಬೇಕಿತ್ತು. ಆಯ್ತು ಬುಡು, ತವರ್ನಾಗಿರೋ ಎಣ್ಣು, ಕುಣ್ಕಳ್ಳಿ. ಮನೋರಾ, ಮುಳ್ಳು ತಗೀಲಾ!”

ನಾವಿಬ್ಬರೂ ನೆಲಕ್ಕೆ ಕೂತು ಹುರುಳಿ ಬಳಿದೆವು. ಎದ್ದು ಬರುವಾಗ ಒಂದು ಷರತ್ತು ಹಾಕಿದಳು. “ಅತ್ತೆ ಮನೆ ಕಡೆಯೋರು ಆಸಾಡ ಮುಗಿಯೋಗಂಟ ಈ ಕಡೆ ತಲೆ ಆಕಂಗಿಲ್ಲ. ಚೆನ್ನೈನೋರೂ ಅಷ್ಟೇಯ. ಕಾಯಿ ಒಡ್ದ ನಿನ್ ಗಂಡ್ನೂ ಅಷ್ಟೇಯ.”

ರಂಗಸ್ವಾಮಿಯವರಿಗೆ ಫೋನ್ ಮಾಡಿ, ಇಪ್ಪತ್ತಾರಕ್ಕೆ ಬರಬೇಡಿ, ಮೀಟರಿನ ಲೆಕ್ಕ ಫ್ಯಾಕ್ಸ್ ಮಾಡುತ್ತೇನೆ ಅಂದೆ. ಕಾರಣ ಕೇಳಿದರು. ಹೇಳಿದೆ. “ನಮ್ಮ ತಮಿಳರ ಆಷಾಢ, ಆಡಿ ಮಾಸ ಅಂತೀವಲ್ಲ, ಅದೂ ಹೀಗೇ” ಅಂದರು.

ಗೆದ್ದೆ. ಆದರೆ ನಿನ್ನ ಭಾನುವಾರಗಳನ್ನು ನಾನೇ ಕಳೆದುಕೊಂಡೆ. ಬರಬೇಡ ಎಂದು ಸಿಟ್ಟಿನಲ್ಲಿ ಬರೆದಾಗ ಹಗುರವಾಗಿತ್ತು. ಈಗ ನಿಜವಾಗಿಯೂ ಬರಲಾಗದು ಎಂದಾಗ ತಿಳಿಯಿತು, ನನಗೆ ನೀನು ಬೇಕು.

ನಿನ್ನ,
ಹಂಸ

*

ನುಗ್ಗೇಹಳ್ಳಿ
೨೮ ಜುಲೈ ೨೦೦೩

ಕೇದಾರ,

ಏಳೂ ಯಂತ್ರ ಸಿಕ್ಕಿದವು! ಏಳೂ ನಮ್ಮ ಗುಡ್ಡಕ್ಕೇ! ಮುಂದಿನ ವರ್ಷ ಕೊಣನೂರಿನ ಕಡೆಗೂ ಹೋಗುತ್ತೇವೆ, ಅದಕ್ಕೂ ನಾನೇ ನಕ್ಷೆ ಹಾಕಬೇಕಂತೆ!

ಮಧ್ಯಾಹ್ನ ಫೋನು ಬಂತು. ನಿಂತ ದಿನಗಳನ್ನು ಕಳೆದರೂ ನಾನು ಹೇಳಿದ ಗುರಿ ದಾಟಿದೆ ಎಂದು ರಂಗಸ್ವಾಮಿಯವರು ಹೇಳಿದರು. ನಾನು ಅಪ್ಪನ ಈಜಿಚೇರಿನ ಪಕ್ಕದಲ್ಲೇ ಕಿರುಚಿದೆ. ಅಪ್ಪ ಬೆಚ್ಚಿಬಿದ್ದು ‘ನಾರಾಯಣ’ ಅಂದರು. ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದೆ. ಅವಳು ಬರೀ, “ಏಳ್ ಜನ ತಂಗೀರಾ? ಬಾಣಂತನ ಯಾರವ್ವಾ ಮಾಡೋದು?” ಅಂದಳು.

ಇನ್ನೊಂದು ಇದೆ. ಕೆಲಸ ಮುಗಿಯುವವರೆಗೆ, ಅಂದರೆ ಎರಡು ವರ್ಷವಾದರೂ, ಉಸ್ತುವಾರಿಯವರು ಇದೇ ಊರಿನಲ್ಲಿ ಇರಬೇಕಂತೆ. ಕ್ರೇನು, ರಸ್ತೆ, ಲೈನು, ಯಾವುದಕ್ಕೂ ಹೊತ್ತುಗೊತ್ತಿಲ್ಲ. ಇರುತ್ತೀಯಾ ಎಂದು ಕೇಳಿದರು. ಇರುತ್ತೇನೆ ಅಂದೆ. ಫೋನಿಟ್ಟ ಮೇಲೆ ನೀನು ನೆನಪಾದೆ, ಅತ್ತೆ ನೆನಪಾದರು. ನಾಡಿದ್ದು ಶ್ರಾವಣ. ಸೊಸೆ ಬರುತ್ತಾಳೆಂದು ಅವರು ಕಾದಿರುತ್ತಾರೆ.

ನಾಳೆ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ಮಾಡಬೇಕು. ಪಾದ ಅಲ್ಲಿವೆ, ಫೋಟೋ ಇಟ್ಟು ಮಾಡುತ್ತೇನೆ. ಕೇಳದೆ ಒಪ್ಪಿಕೊಂಡದ್ದಕ್ಕೆ ಬೇಕಾದಷ್ಟು ಬೈಯಿ. ಬೇಡ ಎಂದು ಮಾತ್ರ ಹೇಳಬೇಡ. ನೀನು ಬೇಡ ಎಂದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ, ಅದೇ ಹೆದರಿಕೆ.

ನಿನ್ನ,
ಹಂಸ

*

ಹೊಳೆನರಸೀಪುರ
೨೯ ಜುಲೈ ೨೦೦೩

ಹಂಸ,

ಏಳು! ಸ್ಟಾಫ್ ರೂಮಿನಲ್ಲಿ ಓದಿ ನಾನೂ ಕಿರುಚಿದೆ. ಒಂಬತ್ತನೇ ಕ್ಲಾಸಿಗೆ ಹೇಳಿದೆ, ಅವರು ಬೆಂಚು ಬಡಿದ ಸದ್ದಿಗೆ ಹೆಡ್‌ಮಾಸ್ಟರು ಎದ್ದು ಬಂದರು.

ಸಂಜೆ ಮನೆಗೆ ಬಂದಾಗ ಅಮ್ಮ ಹೂ ಕಟ್ಟುತ್ತಿದ್ದಳು. “ನಾಳೆ ಹೋಗಿ ಹಂಸಾನ ಕರ್ಕೊಂಡು ಬಾಪ್ಪ” ಅಂದಳು. ಅವಳು ಬರೋಕಾಗಲ್ಲ ಅಂದೆ. ಎಲ್ಲ ಹೇಳಿದೆ, ಎರಡು ವರ್ಷವನ್ನೂ ಹೇಳಿದೆ. ಅಮ್ಮನ ಕೈ ನಿಲ್ಲಲಿಲ್ಲ, ಆದರೆ ಮುಖ ಚಿಕ್ಕದಾಯಿತು.

“ಹಾಗಾದ್ರೆ?” ಅಂದಳು.

“ನಾನೇ ಹೋಗ್ತೀನಮ್ಮ. ಅಲ್ಲೇ ಒಂದು ಮನೆ ಹಿಡೀತೀವಿ. ಶಾಲೆಗೆ ಬಸ್ಸಲ್ಲಿ ಬರ್ತೀನಿ, ಮಧ್ಯಾಹ್ನದ ಊಟಕ್ಕೆ ಇಲ್ಲಿರ್ತೀನಿ.”

“ಗಂಡಸು ಹೆಂಡತಿ ಊರಿಗೆ ಹೋಗಿ ಇರೋದಾ? ಯಾರ ಮನೇಲಿ ಉಂಟು ಇದು?”

“ನಮ್ಮನೇಲಿ.”

ಅಮ್ಮ ಹೂವಿನ ಬುಟ್ಟಿ ಸರಿಸಿ ಎದ್ದು ಒಳಗೆ ಹೋದಳು. ಅಳುತ್ತಾಳೇನೋ ಎಂದುಕೊಂಡೆ. ಹಿಂದೆ ಹೋಗಲು ಧೈರ್ಯ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದಾಗ ಕೈಯಲ್ಲಿ ಹರಿವಾಣವಿತ್ತು. “ಟವಲ್ ಹಿಡಿ” ಅಂದಳು. ನನಗೆ ಅರ್ಥವಾಗಲಿಲ್ಲ. ನನ್ನ ಹೆಗಲ ಮೇಲಿದ್ದ ಟವಲನ್ನು ತಾನೇ ತೆಗೆದು ನನ್ನ ಎರಡು ಕೈಗೂ ಹರಡಿ, ಅಕ್ಕಿ ಹಾಕಿದಳು, ಬೆಲ್ಲದಚ್ಚು ಇಟ್ಟಳು, ವೀಳ್ಯದೆಲೆ, ಅಡಿಕೆ, ಅರಿಶಿನದ ಕೊಂಬು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುತ್ತಾರಲ್ಲ, ಹಾಗೇ.

ನಾನು ನಕ್ಕೆ. ಅಮ್ಮ ನಗಲಿಲ್ಲ. ಟವಲಿನ ಗಂಟು ಬಿಗಿದು, ನನ್ನ ಕೆನ್ನೆ ಮುಟ್ಟಿ, “ಹೋದ ಮನೇಲಿ ಹೊಂದ್ಕೊಂಡು ಹೋಗಪ್ಪ” ಅಂದಳು.

ನಾಳೆ ಮೊದಲನೇ ಬಸ್ಸಿಗೆ ಬರುತ್ತೇನೆ.

ನಿನ್ನ,
ಕೇದಾರ